ಸುಣ್ಣ ತಾಗದ ತೊಲೆ

ಲಂಡನ್, ಮೇರಿಲೆಬೋನ್ ಹೊಲಗಳ ಕಡೆ
14 ಮಾರ್ಚ್ 1774

ಪ್ರೀತಿಯ ಅಕ್ಕ ಕೆಜಾಯಾಗೆ,

ಕೂತುಕೊಂಡು ಓದು. ನಿಂತು ಓದಿದರೆ ಬಿದ್ದುಹೋಗುತ್ತೀಯ. ನಿನ್ನ ತಮ್ಮ ಇನ್ನು ಮೇಲೆ ಯಾರದೋ ಕೈಕೆಳಗಿನ ಬಡಗಿಯಲ್ಲ. ನಾಲ್ಕು ಮನೆ ಹಿಡಿಯುವಷ್ಟು ಜಾಗ ನನ್ನ ಹೆಸರಿಗೆ ಕರಾರಾಗಿದೆ. ಈಗ ಅಲ್ಲಿ ಹಸುಗಳು ಮೇಯುತ್ತಿವೆ. ಬರುವ ವರ್ಷ ಅಲ್ಲಿ ಶ್ರೀಮಂತರು ಮೇಯುತ್ತಾರೆ.

ಮೊದಲ ವರ್ಷದ ಬಾಡಿಗೆ ಎಷ್ಟು ಗೊತ್ತೇ? ಒಂದೇ ಒಂದು ಮೆಣಸುಕಾಳು! ನಗಬೇಡ, ಪತ್ರದಲ್ಲಿ ಹಾಗೆಯೇ ಬರೆದಿದೆ, ಇಲ್ಲಿಯ ಪದ್ಧತಿ. ಆದರೆ ಆ ವರ್ಷ ಮುಗಿಯುವುದರೊಳಗೆ ನಾಲ್ಕೂ ಮನೆಗೆ ಚಾವಣಿ ಏರಬೇಕು. ಏರಿದರೆ ಪೂರಾ ಗುತ್ತಿಗೆಯ ಪತ್ರ ಕೈಗೆ ಬರುತ್ತದೆ. ಏರದಿದ್ದರೆ ಜಾಗವೂ ಹೋಯಿತು, ಅದರ ಮೇಲೆ ಕಟ್ಟಿದ್ದೂ ಹೋಯಿತು.

ಹಾಗಾಗಿ ಭಾವನನ್ನು ಕಳಿಸು. ಇಲ್ಲಿ ನಮ್ಮಂಥವರು ಒಬ್ಬರಿಗೊಬ್ಬರು ಕಾಸು ಕೊಡುವುದಿಲ್ಲ, ಕೆಲಸ ಕೊಡುತ್ತಾರೆ. ಗಾರೆಯವನು ಬಡಗಿಗೆ ಗೋಡೆ ಎಬ್ಬಿಸಿಕೊಡುತ್ತಾನೆ, ಬಡಗಿ ಗಾರೆಯವನಿಗೆ ತೊಲೆ, ಹಲಗೆ, ಮೆಟ್ಟಿಲು ಹಾಕಿಕೊಡುತ್ತಾನೆ. ಇಟ್ಟಿಗೆ, ಮರ ಒಟ್ಟಿಗೆ ತರಿಸುತ್ತೇವೆ. ಎರಡು ಮನೆ ನನಗೆ, ಎರಡು ಸೈಲಸ್ ಭಾವನಿಗೆ. ಹಾರ್ಷಮ್ಮಿನಲ್ಲಿ ಹಂದಿಗೂಡು ಕಟ್ಟಿಕೊಂಡು ಇರುವ ಕೈಯಲ್ಲ ಅದು. ಚೀಲ ಕಟ್ಟಿ ಗಾಡಿ ಹತ್ತಿಸು.

ನಿನ್ನ ತಮ್ಮ,
ಆಂಬ್ರೋಸ್ ಪೆನ್‌ಫೋಲ್ಡ್ (ಕಟ್ಟಡಗಾರ! ಬರೆದು ನೋಡಿದೆ, ಚೆನ್ನಾಗಿ ಕಾಣುತ್ತದೆ)

ಹಾರ್ಷಮ್
27 ಮಾರ್ಚ್ 1774

ಆಂಬ್ರೋಸ್,

ಮನೆ ಕಟ್ಟಿ ನೋಡು ಎನ್ನುತ್ತಾರೆ. ನೀನು ಒಟ್ಟಿಗೆ ನಾಲ್ಕು ಕಟ್ಟಿ ನೋಡಲು ಹೊರಟಿದ್ದೀಯ. ಚಿಕ್ಕವನಿದ್ದಾಗ ಒಂದು ಕೋಳಿಗೂಡು ಶುರು ಮಾಡಿ ಅರ್ಧಕ್ಕೆ ಬಿಟ್ಟು, ಕೋಳಿಗಳನ್ನು ನನ್ನ ಹಾಸಿಗೆಯಲ್ಲಿ ಮಲಗಿಸಿದ್ದು ಮರೆತಿಲ್ಲ.

ನಿನ್ನ ಭಾವನಿಗೆ ನಿನ್ನ ಕಾಗದ ಓದಿ ಹೇಳಿದೆ. ಎದ್ದು ಹೋಗಿ ಕರಣೆ ಒರೆಸತೊಡಗಿದರು. ಅಲ್ಲಿಗೆ ನನಗೆ ಗೊತ್ತಾಯಿತು.

ಹೋಗಲಿ, ತಡೆಯುವುದಿಲ್ಲ. ಚರ್ಮ ಹದ ಮಾಡುವವರ ಹಿತ್ತಲಿನ ಈ ಒಂದು ಕೋಣೆಯಲ್ಲಿ ಹದಿನಾಲ್ಕು ವರ್ಷ ಕಳೆದಿದ್ದೇನೆ. ಛತ್ರದವರ ಹೊದಿಕೆಗಳನ್ನು ಒಗೆದು ಹಾಕಿದರೆ ಒಣಗುವ ಮೊದಲೇ ಆ ನಾತ ಹಿಡಿದಿರುತ್ತದೆ. ನನಗೆ ಶ್ರೀಮಂತಿಕೆ ಬೇಡ. ನನ್ನದೇ ಎನ್ನುವ ಒಂದು ಬಾಗಿಲು ಬೇಕು, ನಾನು ಮುಚ್ಚಿದರೆ ಮುಚ್ಚಿರಬೇಕು. ಇಷ್ಟು ಆಸೆ ಇದೆ ಎಂದು ನಿನ್ನೆದುರು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಒಂದೇ ಮಾತು. ನಿನ್ನ ಭಾವನ ಮನೆಗೆ ಹಾಕುವ ಹಲಗೆಯನ್ನು ಅಕ್ಕನ ಮನೆಗೆ ಹಾಕಿದ ಹಾಗೆ ಹಾಕು.

ಕೆಜಾಯಾ

ಲಂಡನ್
9 ಆಗಸ್ಟ್ 1774

ಕೆಜಾಯಾ,

ನನ್ನ ಅಕ್ಷರ ನನ್ನ ಗೋಡೆಯಷ್ಟು ನೆಟ್ಟಗಿಲ್ಲ, ಸಹಿಸಿಕೋ. ಆರೋಗ್ಯವಾಗಿದ್ದೇನೆ. ಊಟ ಬ್ರೆಡ್ಡು, ಗಿಣ್ಣು, ನೀರು ಬೆರೆಸಿದಂಥ ಬಿಯರು. ನಿನ್ನ ಕೊಬ್ಬಿನ ಕಡುಬು ನೆನಪಾಗುತ್ತದೆ.

ಗೋಡೆಗಳು ಎರಡನೆಯ ಮಹಡಿಗೆ ಬಂದಿವೆ. ನಿನ್ನ ತಮ್ಮ ದಿನವಿಡೀ ಸಾರುವೆಯ ಕೆಳಗೆ ನಿಂತು ಕೂಗುತ್ತಾನೆ. "ಭಾವಾ, ಕರಣೆ ನಿದ್ದೆ ಮಾಡ್ತಿದೆಯಾ ಹೆಂಗೆ? ಎಬ್ಬಿಸಿ ಸ್ವಲ್ಪ!" ಎನ್ನುತ್ತಾನೆ. ನಾನು, "ಅದು ನಿದ್ದೆ ಮಾಡ್ತಿಲ್ಲ ಕಣೋ, ನಿನ್ ಮಾತು ಕೇಳಿ ಕಣ್ ಮುಚ್ಕೊಂಡಿದೆ" ಎಂದೆ. ಕೂಲಿಯವರೆಲ್ಲ ನಕ್ಕರು. ಅವನೂ ನಕ್ಕ. ಒಳ್ಳೆಯವನೇ. ಆದರೆ ಅವನ ಕಣ್ಣು ಯಾವಾಗಲೂ ಮುಂದಿನ ಜಾಗದ ಮೇಲೆ.

ನಿನಗೊಬ್ಬಳಿಗೇ ಒಂದು ವಿಷಯ. ಸಾಲಿನ ಕೊನೆಯ ಮನೆಯನ್ನು ನಾನು ಮಾರುವುದಿಲ್ಲ. ಅದು ನಿನಗೆ. ಹಿತ್ತಲಲ್ಲಿ ನೀರಿನ ಪಂಪು, ಬಟ್ಟೆ ಹರವಲು ಬಿಸಿಲು, ದಕ್ಷಿಣಕ್ಕೆ ಕಿಟಕಿ. ಆಂಬ್ರೋಸನಿಗೆ ಹೇಳಿಲ್ಲ. ಕಟ್ಟಿದ ಮನೆಯಲ್ಲಿ ತಾನೇ ಕೂರುವವನನ್ನು ಈ ಕಸುಬಿನಲ್ಲಿ ದಡ್ಡ ಎನ್ನುತ್ತಾರೆ. ಎರಡನ್ನೂ ಒಟ್ಟಿಗೆ ಮಾರಿ ಆ ದುಡ್ಡನ್ನು ಮುಂದಿನದಕ್ಕೆ ಹಾಕೋಣ ಎಂದು ಅವನು ಪ್ರಾಣ ತಿನ್ನುತ್ತಾನೆ. ನೀನೂ ಹೇಳಬೇಡ.

ಇನ್ನೊಂದು, ಇದೂ ನಿನ್ನಲ್ಲೇ ಇರಲಿ. ಇಲ್ಲಿ ಮುಂಭಾಗದ ಗೋಡೆಗೆ ಹೊರಗೆ ಬೂದು ಬಣ್ಣದ ಒಳ್ಳೆಯ ಇಟ್ಟಿಗೆ, ಅದರ ಬೆನ್ನಿಗೆ ಅಗ್ಗದ ಇಟ್ಟಿಗೆ. ಸಾಲಿನಲ್ಲಿ ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ. ಅಡ್ಡ ಇಟ್ಟಿದ್ದರ ತಲೆ ಬೀದಿಗೆ ಕಾಣುತ್ತದೆ, ಉಳಿದ ಮೈ ಹಿಂದಿನ ಗೋಡೆಯಲ್ಲಿ ಹುದುಗಿ ಎರಡನ್ನೂ ಕಟ್ಟಿಹಾಕುತ್ತದೆ. ಅದನ್ನು ಒಡೆದು ಎರಡು ಮಾಡಿದರೆ ಒಂದು ಇಟ್ಟಿಗೆಯಿಂದ ಎರಡು ತಲೆ. ಬೀದಿಯಿಂದ ನೋಡುವವರಿಗೆ ತಿಳಿಯದು. ಆದರೆ ಆಗ ಮುಂದಿನ ಗೋಡೆ ಹಿಂದಿನದಕ್ಕೆ ಒರಗಿ ನಿಂತಿರುತ್ತದೆ, ಅಷ್ಟೇ. ಒಳ್ಳೆಯ ಇಟ್ಟಿಗೆ ಸಾಲುತ್ತಿರಲಿಲ್ಲ. ನಿನ್ನ ತಮ್ಮನ ಎರಡೂ ಮನೆಯಲ್ಲಿ ಹಾಗೆಯೇ ಒಡೆದು ಹಾಕಿದೆ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಹೇಗೂ ಮಾರುವ ಮನೆ. ಉಳಿದ ಇಡೀ ಇಟ್ಟಿಗೆಯೆಲ್ಲ ನಿನ್ನ ಮನೆಗೆ ಹೋಯಿತು. ನಿನ್ನ ಗೋಡೆಯಲ್ಲಿ ಕಾಣುವ ಒಂದೊಂದು ತಲೆಗೂ ಹಿಂದೆ ಮೈ ಇದೆ.

ನಿನ್ನ,
ಸೈಲಸ್

ಲಂಡನ್
2 ನವೆಂಬರ್ 1774

ಅಕ್ಕಾ,

ಕೈ ಮರಗಟ್ಟಿದೆ, ಬರವಣಿಗೆ ಹೀಗಿದೆ. ಮಂಜು ಬೀಳತೊಡಗಿತು. ಜಾಗದ ಒಡೆಯರ ಗುಮಾಸ್ತ ನಿನ್ನೆ ಬಂದು ತಲೆಯೆತ್ತಿ ನೋಡಿ, "ಏನಯ್ಯಾ ಪೆನ್‌ಫೋಲ್ಡು, ನಿನ್ ಮನೆಗಳಿಗೆಲ್ಲ ಆಕಾಶವೇ ಚಾವಣಿಯೋ? ಮೆಣಸುಕಾಳಿನ ವರ್ಷ ಮುಗೀತಾ ಬಂತು" ಎಂದು ನಗುತ್ತಾ ಹೋದ. ಆ ನಗು ನನಗೆ ಊಟ ಸೇರದ ಹಾಗೆ ಮಾಡಿದೆ.

ಮರ ಹೊತ್ತ ಹಡಗುಗಳು ತಡವಾದವು. ಬಂದಷ್ಟರಲ್ಲಿ ಉದ್ದನೆಯ ಒಣಮರವನ್ನು ನನ್ನ ಎರಡು ಮನೆಗೆ ಹಾಕಿಕೊಂಡೆ. ಮೂರನೆಯ ಮನೆಗೂ ಹೇಗೋ ಆಯಿತು. ಭಾವನ ಕೊನೆಯ ಮನೆಗೆ ಉಳಿದದ್ದು ಹಸಿಮರ, ಗಿಡ್ಡ ತುಂಡು. ಭಾವ ಇಟ್ಟಿಗೆ ಭಟ್ಟಿಗೆ ಹೋಗಿದ್ದ ವಾರ ಎಲ್ಲ ಮುಗಿಸಿಬಿಟ್ಟೆ. ತೊಲೆಯ ತುದಿ ಗೋಡೆಯೊಳಗೆ ಹೋಗಬೇಕು, ಸರಿ. ತೊಲೆಯೇ ಗಿಡ್ಡವಾದರೆ ಎಲ್ಲಿಂದ ಹೋದೀತು? ಗೋಡೆಗೆ ಒಂದು ಪಟ್ಟಿ ಬಡಿದು ಅದರ ಮೇಲೆ ಕೂರಿಸಿದೆ. ಭಾವ ಬಿಟ್ಟಿದ್ದ ತೂತುಗಳನ್ನು ಮುಚ್ಚಿ, ಕೆಳಗಿನಿಂದ ಗಿಲಾವು ಹೊಡೆಸಿದೆ. ಈಗ ನೋಡಿದರೆ ಅರಮನೆ! ಕೊಂಡವನು ಮೇಲೆ ಜಮಖಾನ ಹಾಸಿ ನಡೆದಾಡುತ್ತಾನೆ, ಕೆಳಗೆ ಯಾರು ಬಗ್ಗಿ ನೋಡುತ್ತಾರೆ? ಭಾವನಿಗೆ ಹೇಳಬೇಡ. ಮುಖ ಊದಿಸಿಕೊಂಡರೆ ಮೂರು ದಿನ ಕರಣೆ ಮುಟ್ಟುವುದಿಲ್ಲ.

ಬಿಸಿ ಕಾಲುಚೀಲ ಎರಡು ಜೊತೆ ಕಳಿಸು.

ನಿನ್ನ ತಮ್ಮ,
ಆಂಬ್ರೋಸ್

ಹಾರ್ಷಮ್
10 ನವೆಂಬರ್ 1774

ಆಂಬ್ರೋಸ್,

ಆ ಕೊನೆಯ ಮನೆ ನನ್ನದು. ನಿನ್ನ ಭಾವ ಅದನ್ನು ಮಾರುವುದಿಲ್ಲ. ವಸಂತಕ್ಕೆ ನಾನು ಅಲ್ಲಿಗೆ ಬರುವವಳಿದ್ದೆ. ಹೇಳಬೇಡ ಎಂದಿದ್ದರು, ಹೇಳಿದ್ದೇನೆ.

ಹಲಗೆ ಕೀಳು. ಇವತ್ತೇ ಕೀಳು. ಮಾರ್ಚಿನಲ್ಲಿ ನಾನು ನಿನಗೆ ಬರೆದಿದ್ದ ಮಾತು ಒಂದೇ ಒಂದು.

ಕೆಜಾಯಾ

ಲಂಡನ್
18 ನವೆಂಬರ್ 1774

ಅಕ್ಕಾ,

ನನಗೆ ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ. ಈ ಕಸುಬಿನಲ್ಲಿ ಯಾರಾದರೂ ತಮ್ಮ ಮನೆಯಲ್ಲಿ ತಾವೇ ಇರುತ್ತಾರೆಯೇ? ನನಗೆ ಒಂದು ಮಾತು ಹೇಳಬೇಕಿತ್ತು ಭಾವ.

ಕೀಳುತ್ತೇನೆ. ಆದರೆ ಈಗಲ್ಲ, ಅಕ್ಕಾ. ನನ್ನ ಎರಡೂ ಮನೆಯ ತುದಿಗೋಡೆ ಇನ್ನೂ ಬಾಕಿ ಇದೆ, ಅದು ಏರದೆ ಚಾವಣಿ ಏರುವುದಿಲ್ಲ. ಇದು ಗೊತ್ತಾದರೆ ಭಾವ ಕರಣೆ ಎಸೆದು ಹಾರ್ಷಮ್ ಗಾಡಿ ಹತ್ತುತ್ತಾರೆ, ನಿನಗೂ ಗೊತ್ತು. ಆಮೇಲೆ ನಾಲ್ಕೂ ಮನೆ ಒಡೆಯರ ಪಾಲು. ನಿನ್ನ ಮನೆಯೂ. ನಿನ್ನ ಬಾಗಿಲೂ. ಮಾರ್ಚಿಗೆ ಗುತ್ತಿಗೆ ಕೈಗೆ ಬಂದ ಮರುದಿನವೇ ನನ್ನ ಕೈಯಾರೆ ಒಂದೊಂದು ತೊಲೆಯನ್ನೂ ಕಿತ್ತು ಹೊಸದು ಹಾಕುತ್ತೇನೆ. ಖಾಲಿ ಮನೆ, ಯಾರೂ ಓಡಾಡುವುದಿಲ್ಲ. ನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡಿರು, ಅಷ್ಟೇ ಕೇಳುತ್ತೇನೆ.

ಆಂಬ್ರೋಸ್

ಹಾರ್ಷಮ್
20 ಡಿಸೆಂಬರ್ 1774

ರೀ,

ಕಾಲುಚೀಲ ಎರಡು ಜೊತೆ ಕಳಿಸಿದ್ದೇನೆ. ದಪ್ಪನೆಯದು ನಿಮಗೆ. ಕ್ರಿಸ್ಮಸ್ಸಿಗೆ ಬರಲಾಗುವುದಿಲ್ಲ ಎಂದಿರಿ, ಬೇಸರವಿಲ್ಲ. ಛತ್ರದಲ್ಲಿ ಜನ ತುಂಬಿದ್ದಾರೆ, ಒಗೆತ ರಾಶಿ ಇದೆ.

ನಮ್ಮ ಮನೆಯ ಮಹಡಿ ಹತ್ತಬೇಡಿ. ಹೊಸ ಮರ, ಒಣಗಲಿ. ನಾನು ಬಂದ ಮೇಲೆ ಜೊತೆಯಲ್ಲಿ ಹತ್ತಿ ನೋಡೋಣ, ನನಗೆ ಹಾಗೆ ಆಸೆ. ಹೆಂಗಸಿನ ಹುಚ್ಚು ಎಂದುಕೊಳ್ಳಿ, ಆದರೆ ಹತ್ತಬೇಡಿ.

ಕೆಜಾಯಾ

ಲಂಡನ್
29 ಜನವರಿ 1775

ಕೆಜಾಯಾ,

ನಾಲ್ಕೂ ಮನೆಗೆ ಚಾವಣಿ ಏರಿತು! ಕೊನೆಯ ಹಂಚು ಕೂತಾಗ ಆಂಬ್ರೋಸ್ ನನ್ನನ್ನು ತಬ್ಬಿಕೊಂಡ. ಕಣ್ಣಲ್ಲಿ ನೀರಿತ್ತು. ಏನೋ ಹೇಳಲು ಬಾಯಿ ತೆರೆದ, "ಏನೋ?" ಎಂದೆ. "ಏನಿಲ್ಲ ಭಾವಾ, ಚಳಿ" ಎಂದ.

ಇಟ್ಟಿಗೆಯವನ ಬಾಕಿಗೆ ನನ್ನ ಪಾಲಿನ ಎರಡರಲ್ಲಿ ಒಂದು, ಸಾಲಿನ ಮೂರನೆಯ ಮನೆ, ಹೋಯಿತು. ಹೋಗಲಿ. ನಾನು ಬಾಡಿಗೆ ಕೋಣೆ ಬಿಟ್ಟು ನಮ್ಮ ಮನೆಗೇ ಬಂದಿದ್ದೇನೆ. ಕೆಳಗಿನ ಕೋಣೆಯಲ್ಲಿ ಬೆಂಕಿ ಹಾಕಿಕೊಂಡು ಮಲಗುತ್ತೇನೆ, ಗಿಲಾವೂ ಒಣಗಿದಂತಾಯಿತು. ಆಂಬ್ರೋಸನಿಗೆ ಇದು ಗೊತ್ತಿಲ್ಲ, ಮುಂದಿನ ಜಾಗ ನೋಡಲು ಊರಾಚೆ ಹೋಗಿದ್ದಾನೆ.

ಮಹಡಿ ಹತ್ತಬೇಡ ಎಂದಿದ್ದೆ ನೀನು. ಹತ್ತಿದೆ, ಬೈಯಬೇಡ. ದಕ್ಷಿಣದ ಕಿಟಕಿಯ ಪಕ್ಕದಲ್ಲಿ ನಿನ್ನ ಇಸ್ತ್ರಿ ಕಾಯಿಸಲು ಒಂದು ಸಣ್ಣ ಒಲೆ ಕಟ್ಟುತ್ತಿದ್ದೇನೆ. ಬಿಸಿ ಇಸ್ತ್ರಿ ಹಿಡಿದು ನೀನು ಮೆಟ್ಟಿಲು ಹತ್ತಿ ಇಳಿಯುವುದು ಬೇಡ. ಇಟ್ಟಿಗೆಯನ್ನೆಲ್ಲ ಮೇಲೆ ಹೊತ್ತು ಪೇರಿಸಿದ್ದೇನೆ. ಹಲಗೆ ಅಲ್ಲಲ್ಲಿ ಕಿರುಗುಟ್ಟುತ್ತದೆ. ಬೇರೆ ಯಾರಾದರೂ ಹಾಕಿದ್ದರೆ ಹೆದರುತ್ತಿದ್ದೆ. ಹಾಕಿದವನು ನಿನ್ನ ತಮ್ಮ ತಾನೆ.

ಗೋಡೆಯ ವಿಷಯದಲ್ಲಿ ಅವನಿಗೆ ಮಾಡಿದ್ದು ಈಗ ಮನಸ್ಸಿಗೆ ಚುಚ್ಚುತ್ತದೆ. ನೀನು ಬಂದ ಮೇಲೆ ಹೇಳುತ್ತೇನೆ. ಅವನು ಕೂಗಾಡಲಿ, ನಾನೇ ಬಿಚ್ಚಿ ಸರಿಮಾಡಿಕೊಡುತ್ತೇನೆ.

ನಿನ್ನ,
ಸೈಲಸ್

ಲಂಡನ್
3 ಫೆಬ್ರವರಿ 1775

ಅಕ್ಕಾ,

ಭಾವ ಇಲ್ಲ. ನಿನ್ನೆ ಏಣಿ ಜಾರಿತು. ಬಹಳ ಹೊತ್ತು ನರಳಲಿಲ್ಲ ಎಂದರು. ನಾನು ಊರಲ್ಲಿರಲಿಲ್ಲ. ಗಾಡಿಯವನಿಗೆ ಹೇಳಿದ್ದೇನೆ, ಅವನ ಜೊತೆ ಬಾ.

ಆಂಬ್ರೋಸ್

ಲಂಡನ್
11 ಏಪ್ರಿಲ್ 1775

ಪ್ರೀತಿಯ ಅಕ್ಕನಿಗೆ,

ಮಣ್ಣು ಮಾಡಿದ ದಿನ ನೀನು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಆಮೇಲೆ ಬರೆದ ಎರಡು ಕಾಗದಕ್ಕೂ ಉತ್ತರವಿಲ್ಲ. ಬೈದಾದರೂ ಬರೆ.

ಗುತ್ತಿಗೆ ಕೈಗೆ ಬಂತು. ಗುಮಾಸ್ತ ಕೈ ಕುಲುಕಿ, "ಮಾತು ಉಳಿಸ್ಕೊಂಡೆ ಕಣಯ್ಯಾ, ನಿನ್ನಂಥೋರು ಬೇಕು ನಮಗೆ" ಎಂದ. ಪಕ್ಕದ ಬೀದಿಯಲ್ಲಿ ಆರು ಮನೆಯ ಜಾಗ ನನಗೇ ಎಂದಿದ್ದಾರೆ. ಖುಷಿಯಾಗಬೇಕಿತ್ತು.

ಆ ಕೊನೆಯ ಮನೆಗೆ ನೀನು ಬರುವುದು ಬೇಡ. ನನ್ನ ಎರಡನೆಯ ಮನೆಯನ್ನು ನಿನಗೆ ಕೊಡುತ್ತೇನೆ, ಬರೆದುಕೊಡುತ್ತೇನೆ. ಮಾರುವುದಿಲ್ಲ. ಅದರ ನೆಲ ನೋಡು ಅಕ್ಕಾ, ಕುದುರೆ ಕುಣಿಸಿದರೂ ಅಲುಗದು. ಬಾಗಿಲಿನ ಮೇಲೆ ಬೀಸಣಿಗೆಯಂಥ ಗಾಜಿನ ಕಿಟಕಿ. ನಿನ್ನದೇ ಬಾಗಿಲು. ಒಪ್ಪಿಕೋ. ಒಪ್ಪಿಕೊಂಡರೆ ನನಗೂ ಸ್ವಲ್ಪ ನಿದ್ದೆ ಬರುತ್ತದೆ.

ನಿನ್ನ ತಮ್ಮ,
ಆಂಬ್ರೋಸ್

ಹಾರ್ಷಮ್
2 ಮೇ 1775

ಆಂಬ್ರೋಸ್,

ಮಣ್ಣು ಮಾಡಿ ಬಂದ ಮೇಲೆ ನೀನು ಜನರಿಗೆ ಬಿಯರು ಹಂಚುತ್ತಿದ್ದೆ. ನಾನು ಕೊನೆಯ ಮನೆಯೊಳಗೆ ಹೋಗಿದ್ದೆ. ಕೆಳಗಿನ ಕೋಣೆಯಲ್ಲಿ ಅವರ ಹಾಸಿಗೆ, ನಾನು ಕಳಿಸಿದ್ದ ಕಾಲುಚೀಲ, ಅದರ ಮೇಲೆ ಇಟ್ಟಿಗೆಯ ರಾಶಿ. ತಲೆಯೆತ್ತಿದರೆ ಮೇಲಿನ ನೆಲವೇ ಇಲ್ಲ, ನೇರ ಮಹಡಿಯ ಕಿಟಕಿ ಕಾಣುತ್ತಿತ್ತು. ಒಂದು ತೊಲೆ ಕೆಳಗೆ ಬಿದ್ದಿತ್ತು. ಅದರ ತುದಿಯ ಮೇಲೆ ಕೈಯಾಡಿಸಿದೆ. ಗೋಡೆಯೊಳಗೆ ಕೂತ ತೊಲೆಯ ತುದಿಗೆ ಸುಣ್ಣ ಮೆತ್ತಿರುತ್ತದೆ. ಗಾರೆಯವನ ಹೆಂಡತಿಗೆ ಅಷ್ಟು ಗೊತ್ತು. ಅದಕ್ಕೆ ಸುಣ್ಣ ತಾಗಿಯೇ ಇರಲಿಲ್ಲ, ಹೊಸ ಮರದ ವಾಸನೆ ಹಾಗೇ ಇತ್ತು. ಏಣಿ ಎಲ್ಲಿತ್ತು ಎಂದು ನಾನು ನಿನ್ನನ್ನು ಕೇಳಲಿಲ್ಲ.

ನಿನ್ನೊಬ್ಬನ ಮೇಲೇ ಹಾಕಿ ನಾನು ಕೈ ತೊಳೆದುಕೊಳ್ಳುವುದಿಲ್ಲ. ಅವರಿಗೆ ನಾನು ಒಂದು ಸಾಲು ಬರೆದಿದ್ದರೆ ಸಾಕಿತ್ತು. ಬರೆದರೆ ನನ್ನ ಬಾಗಿಲು ಹೋಗುತ್ತಿತ್ತು. ನಾನು ಬಾಗಿಲನ್ನು ಆರಿಸಿಕೊಂಡೆ. ಒಗೆತದ ನೀರಿನಲ್ಲಿ ಕೈಯಿಟ್ಟಾಗಲೆಲ್ಲ ಇದೇ ನೆನಪು. ನೀನು ಒಂದು ಮೆಣಸುಕಾಳಿಗೆ ಹಿಡಿದ ಜಾಗಕ್ಕೆ ನಿಜವಾದ ಬಾಡಿಗೆ ಅವರು ಕಟ್ಟಿ ಹೋದರು.

ಈಗ ನಿನ್ನ ಎರಡನೆಯ ಮನೆಯ ಮಾತು. ನೆಲ ಗಟ್ಟಿ ಎಂದೆ, ನಂಬುತ್ತೇನೆ. ಮುಂಗೋಡೆಯ ಕತೆ ನಿನಗೆ ಗೊತ್ತಿಲ್ಲ. ನಿನ್ನ ಎರಡೂ ಮನೆಯ ಮುಂಭಾಗದಲ್ಲಿ ಅಡ್ಡ ಇಟ್ಟಿಗೆಗಳೆಲ್ಲ ಒಡೆದವು. ಬರೀ ತಲೆ, ಹಿಂದೆ ಮೈಯಿಲ್ಲ. ನೀನು ಅವರಿಗೆ ಮಾಡಿದ್ದನ್ನೇ ಅವರೂ ನಿನಗೆ ಮಾಡಿದ್ದರು. ಇಬ್ಬರೂ ನನಗೆ ಬರೆದು ಹಗುರ ಮಾಡಿಕೊಂಡಿರಿ, ಇಬ್ಬರೂ ಯಾರಿಗೂ ಹೇಳಬೇಡ ಎಂದಿರಿ. ಕಡೆಗೆ ಅವರಿಗೆ ಅದು ಚುಚ್ಚಿತ್ತು. ನಿನಗೆ ಹೇಳಿ ಸರಿಮಾಡಿಕೊಡುವವರಿದ್ದರು, ಆ ಕಾಗದ ನನ್ನ ಬಳಿ ಇದೆ.

ಅದನ್ನು ಅವರ ಬದಲು ನಾನು ಹೇಳಿದ್ದೇನೆ. ಗೋಡೆ ಬಿಚ್ಚಿ ಕಟ್ಟಿಸು.

ನಾನು ಕೊನೆಯ ಮನೆಗೇ ಬರುತ್ತೇನೆ. ಅದರ ಗೋಡೆ ನನ್ನ ಗಂಡ ನನಗೆಂದು ಕಟ್ಟಿದ್ದು. ನೀನು ಹೊಸ ತೊಲೆ ಹಾಕು, ಹಲಗೆ ಮಾತ್ರ ಹೊಡೆಯಬೇಡ. ನಾನು ಬಂದು ಒಂದೊಂದು ತುದಿಯನ್ನೂ ಮುಟ್ಟಿ ನೋಡಿದ ಮೇಲೆ ಹೊಡೆ.

ಕೆಜಾಯಾ

ಲಂಡನ್
30 ಜೂನ್ 1775

ಅಕ್ಕಾ,

ನೀನು ಬಂದು ನೋಡಿಕೊಂಡು ಹೋದ ಮೇಲೆ ಹಲಗೆ ಹೊಡೆದು ಮುಗಿಸಿದೆ. ಬೀಗದಕೈ ಗಿಲಾವಿನವನ ಮನೆಯಲ್ಲಿದೆ. ಯಾವಾಗ ಬೇಕಾದರೂ ಬಂದು ಸೇರಿಕೋ. ನಾನು ಆರು ಮನೆಯ ಕಡೆ ಇರುತ್ತೇನೆ, ಸಿಗದೆ ಇರಬಹುದು.

ಗೋಡೆಯ ಬಗ್ಗೆ ನೀನು ಕೇಳಿದ್ದೆ. ಬಿಚ್ಚಿದ್ದರೆ ಕೈಯಲ್ಲಿದ್ದ ದುಡ್ಡೆಲ್ಲ ಅದಕ್ಕೇ ಹೋಗಿ ಆರು ಮನೆಯ ಜಾಗ ಕೈಬಿಡುತ್ತಿತ್ತು. ಬೀದಿಯಲ್ಲಿ ನಿಂತು ನೋಡಿದೆ, ಒಂದು ಬಿರುಕೂ ಇಲ್ಲ. ಎರಡೂ ಮನೆ ಮಾರಿದೆ. ಎರಡನೆಯದನ್ನು ಹಡಗಿನ ಕೆಲಸದಿಂದ ನಿವೃತ್ತರಾದ ಕ್ಯಾಪ್ಟನ್ ಒಬ್ಬರು ಕೊಂಡರು. ಹೆಂಡತಿ ತೀರಿಕೊಂಡಿದ್ದಾರೆ, ಮೂವರು ಹೆಣ್ಣುಮಕ್ಕಳು. ಮುಂಭಾಗದ ಇಟ್ಟಿಗೆಯ ಸಾಲು ಅವರಿಗೆ ಬಹಳ ಹಿಡಿಸಿತು. "ಕಟ್ಟಿದವರು ಯಾರಪ್ಪಾ, ಒಳ್ಳೆ ಕೈ" ಎಂದು ಕೇಳಿದರು. ಭಾವನ ಹೆಸರು ಹೇಳಿದೆ.

ಭಾವನ ಹೆಸರಿಗಾದರೂ ನೀನು ಸುಮ್ಮನಿರುತ್ತೀಯ ಎಂದು ನಂಬಿದ್ದೇನೆ.

ಆಂಬ್ರೋಸ್

ಕೊನೆಯ ಮನೆ
21 ಅಕ್ಟೋಬರ್ 1775

ಆಂಬ್ರೋಸ್,

ಬಂದು ಮೂರು ವಾರವಾಯಿತು. ನೆಲ ಚೆನ್ನಾಗಿ ಹಾಕಿದ್ದೀಯ. ಬಾಗಿಲು ಮುಚ್ಚಿದರೆ ಮುಚ್ಚಿರುತ್ತದೆ. ಹಾರ್ಷಮ್ಮಿನ ನಾತ ಹೋಗಿ ಬಟ್ಟೆಗೆ ಬಿಸಿಲಿನ ವಾಸನೆ ಬಂದಿದೆ. ಯಾರಿಗೆ ತೋರಿಸಲಿ?

ಕ್ಯಾಪ್ಟನ್ನರ ಮನೆಯ ಬಟ್ಟೆ ನಾನೇ ಒಗೆಯುತ್ತೇನೆ. ಕಿರಿಯವಳ ಹೆಸರು ಲೆಟಿಸ್, ನಾನು ಕೊಡುವ ಗರಿಗರಿ ಲಂಗ ತೊಟ್ಟು ಮೇಲಿನ ಕಿಟಕಿಯಲ್ಲಿ ಕೂರುತ್ತಾಳೆ. ನಿನ್ನೆ ಬಟ್ಟೆ ಕೊಟ್ಟು ಹೊರಗೆ ಬಂದು, ಅವರ ಗೋಡೆಗೆ ಕೆನ್ನೆಯಿಟ್ಟು ಮೇಲೆ ನೋಡಿದೆ. ಗೋಡೆ ನೆಟ್ಟಗಿದೆಯೇ ಎಂದು ಸೈಲಸ್ ಹಾಗೆ ನೋಡುವುದನ್ನು ಕಂಡಿದ್ದೆ. ಆ ಕಿಟಕಿಯ ಕೆಳಗೆ ಗೋಡೆ ಬಸುರಿಯ ಹೊಟ್ಟೆಯಂತೆ ಮುಂದೆ ಬಂದಿದೆ. ಮೇಲಿನಿಂದ ಲೆಟಿಸ್, "ಕೆಜಾಯಮ್ಮಾ, ಗೋಡೆ ಹತ್ರ ಗುಟ್ಟು ಹೇಳ್ತಿದ್ದೀರಾ?" ಎಂದು ನಕ್ಕಳು.

ಹೇಳಿದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಕ್ಯಾಪ್ಟನ್ ನಿನ್ನನ್ನು ಕೋರ್ಟಿಗೆ ಎಳೆಯುತ್ತಾರೆ. ಈ ಸಾಲಿಗೇ ಕೆಟ್ಟ ಹೆಸರು ಬರುತ್ತದೆ, ನಿನ್ನ ಆರು ಮನೆಗೆ ಯಾರೂ ಬರುವುದಿಲ್ಲ. ಈ ಬೀದಿಯಲ್ಲಿ ಸೈಲಸ್ ಏಕ್‌ಹರ್ಸ್ಟ್ ಎಂದರೆ ಇಟ್ಟಿಗೆ ಒಡೆದವನು ಎನ್ನುತ್ತಾರೆ, ನಾನು ಅದನ್ನು ಕೇಳಿಕೊಂಡು ಇಲ್ಲೇ ಬದುಕಬೇಕು. ಅವರ ಹೆಸರಿಗಾದರೂ ಸುಮ್ಮನಿರು ಎಂದು ನೀನು ಬರೆದೆ. ಒಂದು ಸಲ ಸುಮ್ಮನಿದ್ದು ಅವರನ್ನೇ ಕಳೆದುಕೊಂಡೆ. ಇನ್ನು ಹೆಸರು ಉಳಿಸಿಕೊಂಡು ಏನು ಮಾಡಲಿ?

ಅವರ ಜನವರಿಯ ಕಾಗದ ಜೊತೆಗೆ ತೆಗೆದುಕೊಂಡಿದ್ದೇನೆ, ಸರಿಮಾಡಿಕೊಡುತ್ತೇನೆ ಎಂದು ಬರೆದಿದ್ದರಲ್ಲ, ಅದು. ಈ ಕಾಗದವನ್ನು ಅಂಚೆಗೆ ಕೊಟ್ಟು, ಹಾಗೆಯೇ ಹೋಗಿ ಕ್ಯಾಪ್ಟನ್ನರ ಬಾಗಿಲು ತಟ್ಟುತ್ತೇನೆ.

ನಿನ್ನ ಅಕ್ಕ,
ಕೆಜಾಯಾ